ಲಾವಣಿ ಹೊಲ

ಪಿಎಚ್.ಡಿ. ಮುಗಿಸಿ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಪೋಸ್ಟ್‌ಡಾಕ್ ಆಗಿ ಹೊರಟಾಗ ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು: "ನಮ್ಮಾಕಿಗೆ ಡಾಕ್ಟರ್ ಪೋಸ್ಟ್ ಬಂತು." ನಮ್ಮ ಕಡೆ ಪೋಸ್ಟ್ ಅಂದರೆ ನೌಕರಿ. ಪೋಸ್ಟ್ ಬಂತು ಅಂದರೆ ಮದುವೆ ಮಾತಿಗೆ ಬಲ ಬಂತು, ಸೊಸೈಟಿಯಲ್ಲಿ ಸಾಲಕ್ಕೆ ಜಾಮೀನು ಸಿಕ್ಕಿತು, ಅಪ್ಪನ ಪೇಟಾ ಒಂದು ಬೆರಳು ಮೇಲೇರಿತು. ಪೋಸ್ಟ್‌ಡಾಕ್ ಎಂಬಲ್ಲಿ ಪೋಸ್ಟ್ ಅನ್ನುವುದಕ್ಕೆ ‘ಆಮೇಲೆ’ ಎಂದಷ್ಟೇ ಅರ್ಥ, ಡಾಕ್ಟರೇಟ್ ಆದಮೇಲಿನ ಕಾಲ, ನೌಕರಿ ಇನ್ನೂ ಸಿಗದವರ ಕಾಲ ಎಂದು ಅವ್ವನಿಗೆ ಬಿಡಿಸಿ ಹೇಳುವ ಧೈರ್ಯ ಆ ದಿನ ನನಗೆ ಆಗಲಿಲ್ಲ. ಆಮೇಲೂ ಆಗಲಿಲ್ಲ.

ಅಪ್ಪ ಮಾತ್ರ ಬಿಡಲಿಲ್ಲ. ಚಹಾ ಕುಡಿಯುತ್ತಾ ಒಂದೊಂದಾಗಿ ಕೇಳಿದರು.

"ಎಷ್ಟು ವರ್ಷದ್ದು?"

"ಎರಡು."

"ಹೊಲ ಯಾರ್ದು?"

"ಪ್ರೊಫೆಸರ್ ಮೇಡಂದು. ಲ್ಯಾಬು ಅವರದು."

"ಬೀಜ, ಗೊಬ್ಬರ?"

"ಸರ್ಕಾರದ್ದು."

"ದುಡಿಯಾಕಿ ನೀನು. ಬೆಳಿ?"

"ಪೇಪರಿನಾಗ ಮೊದಲನೇ ಹೆಸರು ನಂದು, ಕಡೀದು ಅವರದು."

ಅಪ್ಪ ಬಟ್ಟಲು ಕೆಳಗಿಟ್ಟರು. "ಅಂದ್ರ ಲಾವಣಿ ಹಿಡದಂಗ ಆಯ್ತಲ್ಲವ್ವ. ಹೋಗಿ ಬಾ. ಲಾವಣಿ ಹೊಲದಾಗ ಬೇವಿನ ಗಿಡ ಮಾತ್ರ ಹಚ್ಚಬ್ಯಾಡ."

ಲಾವಣಿ ಅಂದರೆ ನಮ್ಮ ಕಡೆ ಗೇಣಿ. ಪೋಸ್ಟ್‌ಡಾಕ್ ಎಂದರೇನು ಎಂದು ಆಮೇಲೆ ಎಷ್ಟೋ ಜನ ಎಷ್ಟೋ ಉದ್ದಕ್ಕೆ ವಿವರಿಸಿದ್ದನ್ನು ಕೇಳಿದ್ದೇನೆ. ಇದಕ್ಕಿಂತ ಚೊಕ್ಕವಾಗಿ ಯಾರೂ ಹೇಳಲಿಲ್ಲ.

ನಮ್ಮೂರು ಸೇಡಂ ತಾಲ್ಲೂಕಿನಲ್ಲಿ. ರೈಲು ವಾಡಿ ಬಿಟ್ಟು ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿದರೆ ತಾಂಡೂರು. ಅಲ್ಲಿಂದ ವಿಕಾರಾಬಾದ್, ಲಿಂಗಂಪಲ್ಲಿ. ಲಿಂಗಂಪಲ್ಲಿಯಲ್ಲಿ ಇಳಿದರೆ ವಿಶ್ವವಿದ್ಯಾಲಯ ಅಲ್ಲೇ ಹತ್ತಿರ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು, ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಹೇಳಿದ್ದು ಎಲ್ಲರಿಗೂ ಗೊತ್ತು. ಆ ಲೆಕ್ಕದಲ್ಲಿ ನಾನು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ನಮ್ಮ ಮುತ್ಯಾನ ಲೆಕ್ಕದಲ್ಲೂ ಅಷ್ಟೇ. ಅವನಿಗೆ ಹೈದರಾಬಾದ್ ರಾಜಧಾನಿ, ಹೊಲದ ತಕರಾರಿನ ಕಾಗದ ಹಿಡಿದು ಹೋಗುವ ಊರು. ಶಾಲೆಯಲ್ಲಿ ಉರ್ದು ಕಲಿತವನು. ಸಾಯುವವರೆಗೂ ಸಹಿಯನ್ನು ಬಲದಿಂದ ಎಡಕ್ಕೆ ಹಾಕುತ್ತಿದ್ದ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮನ ಪ್ರಜೆಗಳು, 1956ರ ತನಕ ಹೈದರಾಬಾದ್ ರಾಜ್ಯದವರು. ಆಮೇಲೆ ಮೈಸೂರು, ಕರ್ನಾಟಕ. ಹೆಸರಿನಲ್ಲಿ ಮಾತ್ರ ‘ಹೈದರಾಬಾದ್ ಕರ್ನಾಟಕ’ ಉಳಿದಿತ್ತು. 2019ರಲ್ಲಿ ಅದನ್ನೂ ತೆಗೆದು ‘ಕಲ್ಯಾಣ ಕರ್ನಾಟಕ’ ಎಂದರು. ನಮ್ಮ ಹೆಸರಿನಿಂದ ಹೈದರಾಬಾದ್ ಹೋಗಿ ಎರಡು ವರ್ಷಕ್ಕೆ, 2021ರ ಆಗಸ್ಟ್‌ನಲ್ಲಿ, ನಾನು ಹೈದರಾಬಾದಿಗೆ ಹೋದೆ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಕಡೆಯವರ ಟ್ರಂಕಿನಲ್ಲಿ ಹತ್ತನೆಯ ತರಗತಿಯ ಮಾರ್ಕ್ಸ್‌ಕಾರ್ಡಿನ ಪಕ್ಕ 371-ಜೆ ಸರ್ಟಿಫಿಕೇಟ್ ಇರುತ್ತದೆ. ಹಿಂದುಳಿದ ನಮ್ಮ ಭಾಗಕ್ಕೆ ಸಂವಿಧಾನದಲ್ಲಿ ಕೊಟ್ಟ ವಿಶೇಷ ಸ್ಥಾನ ಅದು. ನಾನು ಸೇರಿದ ವಿಶ್ವವಿದ್ಯಾಲಯ ಹುಟ್ಟಿದ್ದು ಅದೇ ಸಾಲಿನ 371-ಇ ವಿಧಿಯಿಂದ. ತೆಲಂಗಾಣ, ಆಂಧ್ರ ಚಳವಳಿಗಳನ್ನು ತಣಿಸಲು ಮಾಡಿದ ಆರು ಅಂಶಗಳ ಸೂತ್ರದಲ್ಲಿ ಹೈದರಾಬಾದಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಎಂಬುದೂ ಒಂದು ಅಂಶ. 1974ರಲ್ಲಿ ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ನಲ್ಲಿ ಅದು ಶುರುವಾಯಿತು, ಆಮೇಲೆ ಗಚ್ಚಿಬೌಲಿಯ ಬಂಡೆಗಳ ನಡುವೆ ಬಂದು ಕೂತಿತು. ಜಗಳ ತಣಿಸಲು ಒಂದು ವಿಶ್ವವಿದ್ಯಾಲಯ ಕೊಟ್ಟರು ಎಂದು ಓದಿದಾಗ ನಗು ಬಂತು. ಒಳಗೆ ಹೋದಮೇಲೆ, ಜಗಳಕ್ಕೆ ಇಷ್ಟು ಒಳ್ಳೆಯ ಜಾಗ ಬೇರೆ ಇಲ್ಲ ಎಂದು ಗೊತ್ತಾಯಿತು. ಅದನ್ನು ಮೆಚ್ಚಿಯೇ ಹೇಳುತ್ತಿದ್ದೇನೆ.

ಆ ಬಂಡೆಗಳ ಬಗ್ಗೆ ಒಂದು ಮಾತು. ಕಪ್ಪು ನೆಲದಲ್ಲಿ ಹುಟ್ಟಿದವರಿಗೆ ಅವು ವಿಚಿತ್ರ. ನಮ್ಮಲ್ಲಿ ಕಲ್ಲೆಂದರೆ ಪರಸಿ: ಚಪ್ಪಟೆ, ನೆಲಕ್ಕೆ ಹಾಸುವುದು, ಮಾಳಿಗೆಗೆ ಹೊದಿಸುವುದು. ಇಲ್ಲಿ ಆನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು, ಈಗ ಉರುಳುತ್ತವೆ ಎನ್ನುವ ಹಾಗೆ ಎಷ್ಟೋ ಸಾವಿರ ವರ್ಷದಿಂದ ಕೂತಿವೆ. ನಡುವೆ ಕೆರೆ, ನವಿಲು, ಜಿಂಕೆ, ಹಾವು. ಒಮ್ಮೆ ಅಪ್ಪ ಬಂದಾಗ ಅಣಬೆಯಾಕಾರದ ಬಂಡೆಯ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಅಪ್ಪ ಸುತ್ತ ನೋಡಿ, ಬಗ್ಗಿ ಒಂದು ಹಿಡಿ ಕೆಂಪು ಗರಸು ಮಣ್ಣು ತೆಗೆದು ಬೆರಳಿನಲ್ಲಿ ಉದುರಿಸಿ, "ಇಲ್ಲಿ ಏನ್ ಬೆಳೀತಾರ?" ಎಂದರು. "ಪೇಪರು" ಎಂದೆ. ಅವರು ನಗಲಿಲ್ಲ.

ನಾನು ಬೆಳೆಯಬೇಕಿದ್ದದ್ದು ತೊಗರಿಯ ನೆಟೆ ರೋಗದ ಮೇಲಿನ ಪೇಪರು. ತೊಗರಿ ಸೀಮೆಯಲ್ಲಿ ನೆಟೆ ಎಂದರೆ ವಿವರಿಸಬೇಕಿಲ್ಲ. ಹೂ ಕಾಯಿಗೆ ಬಂದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡುತ್ತದೆ. ನೀರು ಸಾಲದು ಅನ್ನಿಸುತ್ತದೆ. ಭೂಮಿ ಹಸಿಯಾಗಿಯೇ ಇರುತ್ತದೆ. ಕಿತ್ತು ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ನಾಳದಲ್ಲೇ ಮನೆ ಮಾಡುತ್ತದೆ. ಬಟ್ಲರ್ ಎಂಬ ವಿಜ್ಞಾನಿ 1910ರಲ್ಲಿ ಇದಕ್ಕೆ ಹೆಸರಿಟ್ಟರು. ಬೆಳೆ ತೆಗೆದರೂ ಕೂಳೆಯಲ್ಲಿ, ಮಣ್ಣಿನಲ್ಲಿ ಮೂರು ವರ್ಷ ಕಾದಿರುತ್ತದೆ. ಬೇರಿಗೆ ಶಿಲೀಂಧ್ರ ತಾಗಿದ ಮೊದಲ ನಾಲ್ಕು ದಿನದಲ್ಲಿ ಗಿಡ ಏನು ಮಾಡುತ್ತದೆ, ಯಾವ ಜೀನು ಎಚ್ಚರವಾಗುತ್ತದೆ, ತಡೆಯುವ ತಳಿಗೂ ಸೊರಗುವ ತಳಿಗೂ ಎಲ್ಲಿ ವ್ಯತ್ಯಾಸ — ಇದು ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಹೈದರಾಬಾದಿಗಿಂತ ಒಳ್ಳೆಯ ಊರಿಲ್ಲ. ಕ್ಯಾಂಪಸ್ಸಿನಿಂದ ಸ್ವಲ್ಪ ದೂರದಲ್ಲೇ ಪಟಾನ್‌ಚೆರು, ಅಲ್ಲಿ 1972ರಿಂದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ಬೀಜ ಭಂಡಾರದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಬಗೆಯ ತೊಗರಿ. ಬೇಕೆಂದೇ ರೋಗ ತುಂಬಿದ ಹೊಲದಲ್ಲಿ ತಳಿಗಳನ್ನು ಬಿತ್ತಿ, ಬದುಕಿದವನ್ನು ಆರಿಸುವುದು ಅವರ ಕ್ರಮ. ನಮ್ಮಪ್ಪ ಹರೆಯದಲ್ಲಿ ಬಿತ್ತಿದ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕಕ್ಕೆ ಬಂದದ್ದು ಆ ಭಂಡಾರದಿಂದಲೇ. ‘ಆಶಾ’ ತಳಿಯ ಇಡೀ ಜೀನೋಮನ್ನು ಅಲ್ಲಿನ ರಾಜೀವ್ ವಾರ್ಷ್ಣೇಯ ಅವರ ತಂಡ ಮುಂದೆ ನಿಂತು ಓದಿ 2011ರ ಕೊನೆಗೆ ಪ್ರಕಟಿಸಿತು: ಹನ್ನೊಂದು ಜೊತೆ ವರ್ಣತಂತು, 48,680 ಜೀನುಗಳ ಅಂದಾಜು. ಬಡವರ ಬೇಳೆ ಎಂದು ದೊಡ್ಡ ದೇಶಗಳು ಮುಟ್ಟದೆ ಬಿಟ್ಟಿದ್ದ ಬೆಳೆಗೆ ಅದು ದೊಡ್ಡ ಮರ್ಯಾದೆ. ಆ ಪಟ್ಟಿಯನ್ನು ತೆರೆದಿಟ್ಟುಕೊಂಡು ರಾತ್ರಿಯೆಲ್ಲ ಕೂತಾಗ ಊರಿನ ಪಹಣಿ ನೋಡಿದ ಹಾಗೆ ಅನ್ನಿಸುತ್ತಿತ್ತು. ಇಷ್ಟು ಜನರಲ್ಲಿ ಶಿಲೀಂಧ್ರ ಬಂದ ರಾತ್ರಿ ಬಾಗಿಲು ಹಾಕಿದವರು ಯಾರು?

ಕೆಲಸ ಮಾತ್ರ ಕೂಲಿಯವರದೇ. ಮೊಳಕೆ ಬರಿಸಿದ ಸಸಿಯ ಬೇರಿನ ತುದಿ ಕತ್ತರಿಸಬೇಕು, ಬೀಜಕಣ ಕಲಸಿದ ನೀರಿನಲ್ಲಿ ಅದ್ದಬೇಕು, ಕುಂಡಕ್ಕೆ ನೆಡಬೇಕು. ಆಮೇಲೆ ಗಡಿಯಾರದ ಪ್ರಕಾರ — 0 ಗಂಟೆ, 12, 24, 48, 72, 96 — ಬೇರು ಕಿತ್ತು, ತೊಳೆದು, ದ್ರವ ಸಾರಜನಕ ಸುರಿದು, ಒರಳಿನಲ್ಲಿ ಅರೆಯಬೇಕು. ಅವ್ವ ಶೇಂಗಾ ಹಿಂಡಿ ಕುಟ್ಟುವ ಕೈ ನನಗೆ ಬಂದಿದೆ. ಲ್ಯಾಬಿನಲ್ಲಿ ನನ್ನಷ್ಟು ನುಣ್ಣಗೆ ಯಾರೂ ಅರೆಯುತ್ತಿರಲಿಲ್ಲ. ಇದೊಂದು ವಿದ್ಯೆಗೆ ಪಿಎಚ್.ಡಿ. ಬೇಕಿರಲಿಲ್ಲ.

2022ರ ಮಾರ್ಚ್‌ನಲ್ಲಿ ನನ್ನ ಹತ್ತಿರ ಎಪ್ಪತ್ತೆರಡು ಸಣ್ಣ ಟ್ಯೂಬುಗಳಿದ್ದವು. ಎರಡು ತಳಿ, ರೋಗ ತಾಗಿಸಿದ್ದು ಮತ್ತು ತಾಗಿಸದ್ದು, ಆರು ಹೊತ್ತು, ಮೂರು ಸಲ. ಐದು ತಿಂಗಳ ದುಡಿಮೆ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಗುರುತು ಬರೆದಿದ್ದೆ. ಟೇಬಲ್ ಒರೆಸಲು ಸ್ಪಿರಿಟ್ ಬಾಟಲಿ ತೆಗೆದುಕೊಂಡೆ, ಮುಚ್ಚಳ ಸಡಿಲಿತ್ತು, ಬಾಟಲಿ ಟ್ಯೂಬಿನ ಸ್ಟ್ಯಾಂಡಿನ ಮೇಲೆ ಮಗುಚಿತು. ಶಾಯಿ ಯಾವ ನಮೂನೆಯದು, ಸ್ಪಿರಿಟ್ಟಿಗೆ ನಿಲ್ಲುವುದೋ ಇಲ್ಲವೋ ಎಂದು ಎಂಎಸ್ಸಿ ಹುಡುಗರಿಗೆ ಪಾಠ ಹೇಳುತ್ತಿದ್ದವಳು ನಾನೇ. ನೋಡನೋಡುತ್ತ ಎಪ್ಪತ್ತೆರಡು ಮುಚ್ಚಳದಿಂದ ನೀಲಿ ನೀರು ಇಳಿಯಿತು. ಟ್ಯೂಬಿನ ಒಳಗಿನದಕ್ಕೆ ಏನೂ ಆಗಿರಲಿಲ್ಲ. ಯಾವುದು ಯಾರದೆಂದು ಹೇಳುವವರಿರಲಿಲ್ಲ ಅಷ್ಟೇ.

ಮೇಡಂ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು, ನನ್ನ ಮುಖ ನೋಡಿ, ತೆಲುಗಿನಲ್ಲಿ ಅಂದರು: "ಸರೇ. ಮಳ್ಳೀ ಮೊದಲುಪೆಟ್ಟು." ಮತ್ತೆ ಶುರು ಮಾಡು ಎಂದು ಅರ್ಥ. ನನ್ನ ಕನ್ನಡದ ಕಿವಿಗೆ ‘ಮೊದಲ ಪೆಟ್ಟು’ ಎಂದು ಕೇಳಿತು. ಎರಡೂ ಸರಿಯಾಗಿತ್ತು.

ಎರಡನೆಯ ಪೆಟ್ಟು ಏಪ್ರಿಲ್‌ನಲ್ಲಿ ಬಿತ್ತು. ನನ್ನ ಫೆಲೋಶಿಪ್ ಯಾವುದೆಂದು ಇಲ್ಲಿ ಹೆಸರು ಹೇಳುವುದಿಲ್ಲ. ದೂರು ಹೇಳಬೇಕಾಗಿದೆ, ಅದಕ್ಕೆ. ಇಂಥ ಹಣ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿದು, ‘ಯೂಸಿ’ ಹೋಗಬೇಕು — ಯುಟಿಲೈಸೇಶನ್ ಸರ್ಟಿಫಿಕೇಟ್, ಕೊಟ್ಟ ದುಡ್ಡು ಖರ್ಚಾಗಿದೆ ಎಂಬ ಕಾಗದ. ಅದು ಮೇಜಿನಿಂದ ಮೇಜಿಗೆ ಹೋಗಿ, ಸಹಿಯಾಗಿ, ದಿಲ್ಲಿ ಮುಟ್ಟಿ, ಅಲ್ಲಿ ಯಾರಾದರೂ ತೆರೆದು ನೋಡಿದರೆ ಮುಂದಿನ ಕಂತು. ಆ ವರ್ಷ ಕಂತು ಬಂದದ್ದು ಸೆಪ್ಟೆಂಬರ್‌ನಲ್ಲಿ. ಐದು ತಿಂಗಳು ಕೈಯಲ್ಲಿ ಕಾಸಿಲ್ಲ. ಫೋನ್ ಮಾಡಿದರೆ ಅತ್ತಲಿನವರು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು, "ಪ್ರಕ್ರಿಯೆಯಲ್ಲಿದೆ ಡಾಕ್ಟರ್" ಎನ್ನುತ್ತಿದ್ದರು. ಜೀವನದಲ್ಲಿ ನನ್ನನ್ನು ಅಷ್ಟು ಸಲ ಡಾಕ್ಟರ್ ಎಂದು ಕರೆದವರು ಬೇರೆ ಯಾರೂ ಇಲ್ಲ. ಸ್ಕೂಟಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಸ್ಯಾಲರಿ ಸ್ಲಿಪ್ ಕೇಳಿದರು. ಇದು ಸ್ಯಾಲರಿ ಅಲ್ಲ ಸರ್, ಫೆಲೋಶಿಪ್ ಎಂದೆ. ಹಾಗಾದರೆ ಸ್ಟೂಡೆಂಟಾ? ಅಲ್ಲ. ಸ್ಟಾಫಾ? ಅಲ್ಲ. ಆತ ಫಾರಂ ಮಡಿಸಿ ಕೊಟ್ಟ.

ನಲ್ಲಗಂಡ್ಲದ ಕೋಣೆಯ ಬಾಡಿಗೆಗೆ ಎರಡು ತಿಂಗಳು ಮೇಡಂ ಕೊಟ್ಟರು, ಮೂರು ತಿಂಗಳು ಅಣ್ಣ ಕೊಟ್ಟ. ಊಟದ ಚಿಂತೆ ಮಾತ್ರ ಇರಲಿಲ್ಲ. ಸಂಜೆಯಾದರೆ ಹೈದರಾಬಾದಿನ ರಸ್ತೆ ಬದಿಯಲ್ಲಿ ಒಲೆ ಹೂಡಿ ಜೊನ್ನ ರೊಟ್ಟೆ ಬಡಿಯುವ ಹೆಂಗಸರು ಕೂತಿರುತ್ತಾರೆ. ನಮ್ಮದೇ ಜೋಳದ ರೊಟ್ಟಿ. ಲಿಂಗಂಪಲ್ಲಿ ಕಡೆ ಒಬ್ಬ ಅಕ್ಕನ ಹತ್ತಿರ ಹೋಗುತ್ತಿದ್ದೆ. ಮೊದಲ ದಿನ ನನ್ನ ಹರಕು ತೆಲುಗು ಕೇಳಿ, ಹಿಟ್ಟು ತಟ್ಟುತ್ತಲೇ, "ಯಾವೂರವ್ವ ನಿಂದು?" ಎಂದಳು. ನಾರಾಯಣಪೇಟೆ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಗಂಡ ಹೋದಮೇಲೆ ರೊಟ್ಟಿಗೆ ಕೂತವಳು. ಮನೆಯಲ್ಲಿ ಕನ್ನಡ, ಗಿರಾಕಿಗೆ ತೆಲುಗು, ಪೊಲೀಸಿಗೆ ದಖನಿ. "ಲೆಕ್ಕ ಬರೀರಿ ಅಕ್ಕಾ, ದುಡ್ಡು ಬಂದಾಗ ಕೊಡ್ತೀನಿ" ಎಂದಾಗ, "ಬರಿಯಾಕ ನಂಗ ಬರಲ್ಲ, ನೀನೇ ನೆನಪಿಡು" ಎಂದಳು. ಯೂಸಿ ಕೇಳಲಿಲ್ಲ.

ಭಾಷೆಯ ವಿಷಯದಲ್ಲಿ ಆ ಊರು ನನಗೆ ಕಷ್ಟವೇ ಕೊಡಲಿಲ್ಲ. ಅಕ್ಷರ ಅಣ್ಣತಮ್ಮ, ಬಸ್ಸಿನ ತೆಲುಗು ಬೋರ್ಡು ಮೊದಲ ವಾರವೇ ಓದಲು ಬಂತು. ಆಟೋದವರ ದಖನಿ ನಮ್ಮ ಕಲಬುರಗಿ ದರ್ಗಾ ಓಣಿಯದೇ. "ನಕ್ಕೋ ಭಾಯಿ, ಮೀಟರ್ ಡಾಲೋ" ಎಂದರೆ ಅವರೇ ಒಮ್ಮೆ ತಿರುಗಿ ನೋಡುತ್ತಿದ್ದರು. ಬೆಂಗಳೂರಿಗೆ ಹೋದಾಗ ನನ್ನ ಕನ್ನಡ ಕೇಳಿ ನಕ್ಕವರು ಇದ್ದಾರೆ. ಹೈದರಾಬಾದಿನಲ್ಲಿ ಯಾರೂ ನಗಲಿಲ್ಲ. ನವೆಂಬರ್ ಒಂದಕ್ಕೆ ಎಂಎಂಟಿಎಸ್ ಲೋಕಲ್ ರೈಲು ಹಿಡಿದು, ಬಸ್ಸು ಬದಲಿಸಿ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋದೆ. ಹಿರಿಯರೊಬ್ಬರು, ಎಂಬತ್ತು ದಾಟಿದವರು, ಕಲಬುರಗಿ ಅಂದಕೂಡಲೇ ಕೈ ಹಿಡಿದುಕೊಂಡು, "ನಾವು ಎಲ್ಲೂ ಹೋಗಿಲ್ಲ ತಂಗಿ, ಗಡಿ ನಮ್ಮನ್ನ ಬಿಟ್ಟು ಹೋಯ್ತು" ಎಂದರು.

ಅದೇ 2022ರ ನವೆಂಬರ್‌ನ ಕೊನೆಯಲ್ಲಿ ಅಪ್ಪನ ಫೋನ್ ಬಂತು. ಮುಂಗಾರು ಆ ವರ್ಷ ಅತಿಯಾಗಿತ್ತು. ಹೊಲದಲ್ಲಿ ನೀರು ನಿಂತಿತ್ತು. ಅಪ್ಪ ಸುತ್ತಿ ಬಳಸಿ ಮಾತಾಡುವವರಲ್ಲ.

"ನೀ ಓದ್ಲಾಕತ್ತಿದ ರೋಗ ನಮ್ಮ ಹೊಲಕ್ಕ ಬಂದದ."

ನಮ್ಮದೊಂದೇ ಅಲ್ಲ, ಆ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಉದ್ದಗಲಕ್ಕೂ ತೊಗರಿ ನಿಂತಲ್ಲೇ ಒಣಗಿತು. ರೈತರು ಒಣಗಿದ ಗಿಡ ಹಿಡಿದು ಕಚೇರಿಗಳ ಮುಂದೆ ಕೂತರು. ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಹೊಲಕ್ಕೆ ಹೋದೆ. ನಾಲ್ಕು ಎಕರೆ. ಕಾಯಿ ತುಂಬುವ ಹೊತ್ತು. ಅರ್ಧದಷ್ಟು ಗಿಡ ಬೂದು ಬಣ್ಣಕ್ಕೆ ತಿರುಗಿತ್ತು. ಎಲೆ ಉದುರದೆ ಜೋತುಬಿದ್ದಿತ್ತು. ನೂರು ಸಲ ಕುಂಡದಲ್ಲಿ ನಾನೇ ತಂದ ರೋಗವನ್ನು ಹೊಲದಲ್ಲಿ ನೋಡಿದ್ದು ಅದೇ ಮೊದಲು. ಅಪ್ಪ ಒಂದು ಗಿಡ ಕಿತ್ತು, ಕುಡುಗೋಲಿನಿಂದ ಕಾಂಡ ಸೀಳಿ ನನ್ನ ಮುಂದೆ ಹಿಡಿದರು.

"ಏನ್ ಮಾಡ್ಬೇಕು ಹೇಳು."

ನನಗೆ ಗೊತ್ತಿದ್ದದ್ದೇನು? 24 ಗಂಟೆಯಲ್ಲಿ ಯಾವ ಜೀನು ಏರುತ್ತದೆ, 72 ಗಂಟೆಯಲ್ಲಿ ಯಾವುದು ಇಳಿಯುತ್ತದೆ ಎಂಬುದು. ನಾಳ ಮುಚ್ಚಿದ ಗಿಡಕ್ಕೆ ಹೊಡೆಯುವ ಔಷಧ ಇಲ್ಲ ಎಂಬುದು. "ಈ ಸಲ ಏನೂ ಮಾಡಕ್ಕಾಗಲ್ಲ ಅಪ್ಪಾ. ಮುಂದ ಮೂರು ವರ್ಷ ಈ ಹೊಲಕ್ಕ ತೊಗರಿ ಹಾಕಬ್ಯಾಡ್ರಿ. ಜೋಳ ಹಾಕ್ರಿ" ಎಂದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ಇದು ನಮ್ಮಪ್ಪಗ ಗೊತ್ತಿತ್ತು" ಎಂದರು.

ಗೊತ್ತಿತ್ತು, ನಿಜ. ಮುತ್ಯಾನ ಕಾಲದಲ್ಲಿ ಜೋಳದ ಸಾಲಿನ ನಡುವೆ ತೊಗರಿ ಬರುತ್ತಿತ್ತು. ಬರೀ ತೊಗರಿ ಯಾರೂ ಬಿತ್ತುತ್ತಿರಲಿಲ್ಲ. ಜೋಳದ ಜೊತೆಗಿದ್ದರೆ ನೆಟೆ ಕಡಿಮೆ ಎಂದು ಪ್ರಯೋಗಗಳೂ ಆಮೇಲೆ ಹೇಳಿವೆ. ತೊಗರಿಗೆ ಬೆಲೆ ಬಂದಮೇಲೆ ಜೋಳದ ಸಾಲು ಹೋಯಿತು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ನಮ್ಮ ಹೊಲ ಬೂದಿಯಾದ ಮರುತಿಂಗಳೇ ಗಡಿಯಾಚೆಯ ತಾಂಡೂರು ಕಂದಿಗೂ, ಅಂದರೆ ಅಲ್ಲಿನ ತೊಗರಿಗೂ, ಅದೇ ಮುದ್ರೆ ಸಿಕ್ಕಿತು. ಕರಿನೆಲ ಒಂದೇ, ಬೇಳೆ ಒಂದೇ. ಶಿಲೀಂಧ್ರ ಗಡಿ ನೋಡುವುದಿಲ್ಲ.

ತಿರುಗಿ ಹೋಗುವಾಗ ಐದು ಗಿಡಗಳ ಬುಡ ಕತ್ತರಿಸಿ ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯ ಕೆಳಗೆ. ಲ್ಯಾಬಿನಲ್ಲಿ ಕಾಂಡದ ಚೂರು ಆಲೂಗಡ್ಡೆ ಅಗರಿನ ಮೇಲಿಟ್ಟರೆ ನಾಲ್ಕನೆಯ ದಿನ ಹತ್ತಿಯಂಥ ಬಿಳಿ ಎಳೆ ಬಂತು. ಸೂಕ್ಷ್ಮದರ್ಶಕದಲ್ಲಿ ಕುಡುಗೋಲಿನ ಆಕಾರದ ಬೀಜಕಣ. ಮೇಡಂ ಬಂದು ನೋಡಿ, "ಒಳ್ಳೆ ಐಸೊಲೇಟ್. ಬಹಳ ತೀಕ್ಷ್ಣ ಇರಬೇಕು" ಎಂದರು, ಎಂದ ಮರುಕ್ಷಣ ತಮ್ಮ ಮಾತು ತಮಗೇ ಕೇಳಿಸಿ ನನ್ನ ಹೆಗಲ ಮೇಲೆ ಕೈಯಿಟ್ಟರು. ನನಗೆ ಬೇಜಾರಾಗಲಿಲ್ಲ. ಅದು ತೀಕ್ಷ್ಣವೇ ಇತ್ತು. ಎರಡನೆಯ ಸಲದ ಎಪ್ಪತ್ತೆರಡು ಟ್ಯೂಬುಗಳ ಕೆಲಸ ಮುಗಿದ ಮೇಲೆ, ಆ ಐಸೊಲೇಟ್ ಹಾಕಿ ಇನ್ನೊಂದು ಸುತ್ತು ಮಾಡಿದೆ. ಈ ಸಲ ಗುರುತನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಪೆನ್ಸಿಲ್ ಯಾವ ಸ್ಪಿರಿಟ್ಟಿಗೂ ಹೋಗುವುದಿಲ್ಲ.

2023ರ ಆಗಸ್ಟ್‌ಗೆ ಎರಡು ವರ್ಷ ಮುಗಿಯಿತು. ಪೇಪರು ಆಗಿನ್ನೂ ಎರಡನೆಯ ವಿಮರ್ಶಕರ ಕೈಯಲ್ಲಿತ್ತು. ಎರಡನೆಯ ವಿಮರ್ಶಕ ಯಾವಾಗಲೂ ಇನ್ನೊಂದು ಪ್ರಯೋಗ ಕೇಳುತ್ತಾನೆ. ಲಾವಣಿ ಮುಗಿದವಳು ಆ ಹೊಲದಲ್ಲಿ ಮತ್ತೆ ಹೇಗೆ ನೇಗಿಲು ಹೂಡಬೇಕು? ಮೇಡಂ ಲ್ಯಾಬಿಗೆ ಹೊಸದಾಗಿ ಬಂದ ಹುಡುಗ ಅದನ್ನು ಮಾಡಿಕೊಟ್ಟ, ಎರಡನೆಯ ಹೆಸರು ಅವನದಾಯಿತು. ನ್ಯಾಯವೇ. ಬಿಡುವ ದಿನ ಬೇರೆ ಏನೂ ಇರಲಿಲ್ಲ — ಒಂದು ಹೂಗುಚ್ಛ, ಸಮೋಸ, ಕೀಲಿಕೈ ಒಪ್ಪಿಸಿದ ರಿಜಿಸ್ಟರಿನಲ್ಲಿ ಸಹಿ. ರೊಟ್ಟಿ ಅಕ್ಕನ ಬಾಕಿ ಮೊದಲೇ ತೀರಿಸಿದ್ದೆ. ಅವಳು ಆ ದಿನ ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಿದಳು.

ಈಗ ನಮ್ಮ ಭಾಗದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇದೂ ಲಾವಣಿಯೇ, ವರ್ಷವರ್ಷಕ್ಕೆ. ವಯಸ್ಸಿನ ಮಿತಿ ದಾಟಿದ್ದರಿಂದ ಕೇಂದ್ರದ ಕೆಲವು ಫೆಲೋಶಿಪ್‌ಗಳಿಗೆ ಇನ್ನು ಅರ್ಜಿ ಹಾಕುವಂತಿಲ್ಲ. ಅವ್ವ ಓಣಿಯಲ್ಲಿ ಈಗಲೂ "ಡಾಕ್ಟರ್ ಪೋಸ್ಟಿನಾಗ ಇದ್ದಾಕಿ" ಎಂದೇ ಪರಿಚಯಿಸುತ್ತಾಳೆ. 2025ರ ವಸಂತದಲ್ಲಿ ಕ್ಯಾಂಪಸ್ಸಿಗೆ ಹತ್ತಿದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಬುಲ್ಡೋಜರು ಹೊಕ್ಕಾಗ, ನವಿಲುಗಳು ಕೂಗುವ ವಿಡಿಯೋ ನೋಡುತ್ತ ನನ್ನ ತರಗತಿಯಲ್ಲಿ ನಿಂತುಬಿಟ್ಟಿದ್ದೆ. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ನಿಲ್ಲಿಸಿತು. ಅಪ್ಪನಿಗೆ ಹೇಳಿದರೆ, "ಆ ಕಲ್ಲಿನ ಹೊಲಕ್ಕ ಇಷ್ಟು ಜಗಳಾ?" ಎಂದರು, ಸ್ವಲ್ಪ ತಡೆದು, "ಹಂಗಾದ್ರ ಛಲೋ ಹೊಲಾನೇ ಇರಬೇಕು" ಎಂದರು.

ನಮ್ಮ ಹೊಲದ ಶಿಲೀಂಧ್ರ ಇರುವ ಟ್ಯೂಬು ಆ ಲ್ಯಾಬಿನ ಫ್ರೀಜರಿನಲ್ಲಿ, ಮೈನಸ್ 80 ಡಿಗ್ರಿಯಲ್ಲಿದೆ. ಮೇಲೆ ನನ್ನ ಕೈಬರಹದಲ್ಲಿ ಊರಿನ ಮೊದಲ ಮೂರು ಅಕ್ಷರ, ಪೆನ್ಸಿಲ್ಲಿನದು. ಅಪ್ಪ ಆ ನಾಲ್ಕು ಎಕರೆಗೆ ಅಂದಿನಿಂದ ತೊಗರಿ ಹಾಕಿಲ್ಲ. ಹೋದ ಹಿಂಗಾರಿಗೆ ಬಿಳಿಜೋಳ ಎಕರೆಗೆ ಆರು ಚೀಲ ಬಂತು.